ಮಹಾಮಾರಿಯ ಹೊತ್ತಿನಲ್ಲಿ ಮಕ್ಕಳ ಲಸಿಕೆ: ಕಡ್ಡಾಯ ಯಾರಿಗೆ?

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರಗಳು. 2022ರ ಜನವರಿಯಲ್ಲಿ ನನ್ನ ಮಗ ಹತ್ತನೆಯ ತರಗತಿಯಲ್ಲಿದ್ದ. ಹದಿನೈದು ತುಂಬಿದ ಮಕ್ಕಳಿಗೆ ಕೊರೊನಾ ಲಸಿಕೆ ಆರಂಭವಾದ ವಾರವೇ ಅವನ ಶಾಲೆಯಿಂದ ವಾಟ್ಸ್‌ಆ್ಯಪ್ ಸಂದೇಶ ಬಂತು: ಲಸಿಕೆಯ ಸರ್ಟಿಫಿಕೇಟ್ ತಾರದವರಿಗೆ ಹಾಲ್ ಟಿಕೆಟ್ ಇಲ್ಲ ಎಂದು. ಎರಡು ತಿಂಗಳು ಕಾದು ನೋಡೋಣ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಕೊನೆಗೆ ಪರೀಕ್ಷೆಗೆ ಹೆದರಿ ಹಾಕಿಸಿದೆವು. ಹುಡುಗನಿಗೆ ಒಂದು ದಿನ ಜ್ವರ ಬಂದು ಹೋಯಿತು, ಬೇರೇನೂ ಆಗಲಿಲ್ಲ. ಆದರೆ ಮನಸ್ಸಿನ ಕಿರಿಕಿರಿ ಇನ್ನೂ ಹೋಗಿಲ್ಲ. ಈಚೆಗೆ ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ಕಾಗದಪತ್ರ ಹುಡುಕುವಾಗ ಅವಳ ತಾಯಿ ಕಾರ್ಡ್ ಕೈಗೆ ಸಿಕ್ಕಿತು. ನೋಡಿದರೆ ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳ ಸಾಲಿನ ಮನೆಗಳೆಲ್ಲ ಖಾಲಿ. ಅದು ಲಾಕ್‌ಡೌನ್ ಸಮಯ. ಮುಂದೆ ಇಂಥ ಮಹಾಮಾರಿ ಮತ್ತೆ ಬಂದರೆ ಮಕ್ಕಳ ಲಸಿಕೆಯನ್ನು ಸರ್ಕಾರ ಕಡ್ಡಾಯ ಮಾಡಬೇಕೇ?
(ಒಬ್ಬ ತಾಯಿ, ದಾವಣಗೆರೆ)

ಉತ್ತರ: ನಿಮ್ಮ ಒಂದೇ ಪತ್ರದಲ್ಲಿ ಎರಡು ಬೇರೆ ಬೇರೆ ಲಸಿಕೆಗಳ ಕಥೆಯಿದೆ, ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದರಿಂದಲೇ ಆ ಎರಡು ವರ್ಷಗಳಲ್ಲಿ ಅಷ್ಟೊಂದು ಗೊಂದಲವಾಯಿತು ಎಂಬುದು ನನ್ನ ಅಭಿಪ್ರಾಯ. ಒಂದು, ಮಹಾಮಾರಿಯನ್ನು ಎದುರಿಸಲೆಂದೇ ಹೊಸದಾಗಿ ತಯಾರಾದ ಲಸಿಕೆ. ಇನ್ನೊಂದು, ಮಹಾಮಾರಿ ಇರಲಿ ಬಿಡಲಿ, ಪ್ರತಿ ಮಗುವಿಗೂ ಸಲ್ಲಬೇಕಾದ, ದಶಕಗಳಿಂದ ನಾವು ಬಳಸಿ ಬಲ್ಲ ಲಸಿಕೆಗಳು. ಮೊದಲನೆಯದಕ್ಕಾಗಿ ನಿಮ್ಮ ಮಗನ ಬೆನ್ನು ಹತ್ತಿದರು. ಎರಡನೆಯದಕ್ಕಾಗಿ ನಿಮ್ಮ ಮಗಳನ್ನು ಯಾರೂ ಹುಡುಕಿಕೊಂಡು ಬರಲಿಲ್ಲ. ನನ್ನ ಲೆಕ್ಕದಲ್ಲಿ ಇದು ತಿರುಗುಮುರುಗಾಗಬೇಕಿತ್ತು.

ಮೊದಲು ಮಗನ ವಿಷಯ. ನಮ್ಮ ದೇಶದಲ್ಲಿ 15ರಿಂದ 18 ವರ್ಷದವರಿಗೆ ಕೋವ್ಯಾಕ್ಸಿನ್ 2022ರ ಜನವರಿ 3ರಂದೂ, 12ರಿಂದ 14 ವರ್ಷದವರಿಗೆ ಕೋರ್ಬೆವ್ಯಾಕ್ಸ್ ಅದೇ ವರ್ಷದ ಮಾರ್ಚ್ 16ರಂದೂ ಆರಂಭವಾದವು. ಒಪ್ಪಿಗೆಯಿಲ್ಲದೆ ಯಾರಿಗೂ ಲಸಿಕೆ ಹಾಕುವ ಮಾತಿಲ್ಲ ಎಂದು ಕೇಂದ್ರ ಸರ್ಕಾರವೇ ಆ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಪ್ರಮಾಣಪತ್ರ ಸಲ್ಲಿಸಿತ್ತು. ಸರ್ಕಾರವೇ ಹೀಗೆ ಹೇಳುತ್ತಿರುವಾಗ ಒಂದು ಶಾಲೆ ಹಾಲ್ ಟಿಕೆಟ್ಟನ್ನೂ ಚುಚ್ಚುಮದ್ದನ್ನೂ ಗಂಟು ಹಾಕಿದ್ದು ಸರಿಯಲ್ಲ. ಇದರಲ್ಲಿ ಶಾಲೆಗಳನ್ನಷ್ಟೇ ದೂರುವುದೂ ನ್ಯಾಯವಲ್ಲವೆನ್ನಿ. ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದ ಮರುದಿನವೇ, ಅಂದರೆ 2021ರ ಡಿಸೆಂಬರ್ 3ರಂದು, ಶಾಲೆಗೆ ಹೋಗುವ ಮಕ್ಕಳ ತಂದೆತಾಯಿ ಎರಡೂ ಡೋಸ್ ಪಡೆದಿರಲೇಬೇಕೆಂದು ನಮ್ಮ ರಾಜ್ಯ ಸರ್ಕಾರ ಮಾರ್ಗಸೂಚಿ ಹೊರಡಿಸಿತ್ತು. ಆ ಗಾಳಿಯಲ್ಲಿ ಮುಖ್ಯೋಪಾಧ್ಯಾಯರೂ ತಮಗೆ ತೋಚಿದ ಷರತ್ತು ಸೇರಿಸಿರಬಹುದು.

ಅದೇ 2022ರ ಮೇ 2ರಂದು ಮಕ್ಕಳ ತಜ್ಞ ಡಾ. ಜೇಕಬ್ ಪುಲಿಯೆಲ್ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಈ ಪ್ರಶ್ನೆಗೆ ನಮ್ಮಲ್ಲಿರುವ ಗಟ್ಟಿ ಆಧಾರ. ಒಬ್ಬರ ಮೈಮೇಲೆ ಅವರ ಒಪ್ಪಿಗೆಯಿಲ್ಲದೆ ಸೂಜಿ ತಾಗಿಸುವಂತಿಲ್ಲ, ಅದು ಸಂವಿಧಾನದ 21ನೆಯ ವಿಧಿಯಲ್ಲಿ ಅಡಗಿರುವ ಹಕ್ಕು ಎಂದು ನ್ಯಾಯಾಲಯ ಹೇಳಿತು. ಜೊತೆಗೇ, ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ಕೆಲವು ನಿರ್ಬಂಧ ಹೇರಬಹುದು, ಆದರೆ ಅದಕ್ಕೆ ಕಾನೂನಿನ ಬೆಂಬಲ, ನ್ಯಾಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಬಿಗಿ ಈ ಮೂರೂ ಇರಬೇಕು ಎಂದೂ ಹೇಳಿತು. ಈ ಮೂರು ಅಳತೆಗೋಲುಗಳು 2017ರ ಖಾಸಗಿತನದ ತೀರ್ಪಿನಿಂದ ಬಂದವು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ಇಲ್ಲಿ ನೆನೆಯುವುದು ತಪ್ಪಾಗಲಾರದು. ಮಕ್ಕಳಿಗೆ ಲಸಿಕೆ ಕೊಡುವ ಸರ್ಕಾರದ ನಿರ್ಧಾರವನ್ನು ಮೇ ತಿಂಗಳ ತೀರ್ಪು ಎತ್ತಿಹಿಡಿಯಿತು; ಮಕ್ಕಳ ಮೇಲೆ ನಡೆದ ಪ್ರಯೋಗಗಳ ಮುಖ್ಯ ಫಲಿತಾಂಶಗಳನ್ನು ಜನರ ಮುಂದಿಡಬೇಕೆಂದು ಆದೇಶಿಸಿತು. ನನ್ನ ಮಟ್ಟಿಗೆ ತೀರ್ಪಿನಲ್ಲಿ ಬೆಲೆಯುಳ್ಳ ಭಾಗ ಇದೇ. ನಿಮ್ಮ ಯಜಮಾನರು ಕೇಳಿದ್ದು ಎರಡು ತಿಂಗಳ ಕಾಲಾವಕಾಶವನ್ನಲ್ಲ, ಈ ಮಾಹಿತಿಯನ್ನು.

ವೈದ್ಯನಾಗಿ ನಾನು ಹೇಳುವುದಿಷ್ಟು. ಕಡ್ಡಾಯವೆಂಬ ಮಾತಿಗೆ ಬಲ ಬರುವುದು, ನನ್ನ ಮಗು ಲಸಿಕೆ ಪಡೆಯದಿದ್ದರೆ ನಿಮ್ಮ ಮಗುವಿಗೆ ಅಪಾಯವಾಗುತ್ತದೆ ಎಂದು ತೋರಿಸಲು ಸಾಧ್ಯವಾದಾಗ. ಕೊರೊನಾ ಲಸಿಕೆಗಳು ರೋಗ ಉಲ್ಬಣಿಸದಂತೆ, ಸಾವು ತಟ್ಟದಂತೆ ಚೆನ್ನಾಗಿ ಕಾಪಾಡಿದವು. ಆದರೆ ಒಮಿಕ್ರಾನ್ ಬಂದ ಮೇಲೆ, ಅವು ಸೋಂಕು ಅಂಟುವುದನ್ನೂ ಇನ್ನೊಬ್ಬರಿಗೆ ದಾಟುವುದನ್ನೂ ತಡೆಯುವ ಶಕ್ತಿ ಕಡಿಮೆಯಾಯಿತು, ಇದ್ದಷ್ಟೂ ಕೆಲವೇ ತಿಂಗಳಲ್ಲಿ ಇಳಿಯಿತು. ಆರೋಗ್ಯವಂತ ಮಕ್ಕಳಲ್ಲಿ ರೋಗ ತೀವ್ರವಾಗುವುದು ಮೊದಲೇ ಅಪರೂಪ. ಹೀಗಿರುವಾಗ ಹುಟ್ಟಿನಿಂದ ಹೃದ್ರೋಗವಿರುವ ಮಗುವಿಗೆ, ಸಕ್ಕರೆ ಕಾಯಿಲೆಯ, ಮೂತ್ರಪಿಂಡದ ತೊಂದರೆಯ ಮಗುವಿಗೆ ಹಾಕಿಸಿ ಎಂದು ನಾನು ಒತ್ತಾಯಿಸುತ್ತಿದ್ದೆ. ಉಳಿದವರಿಗೂ ಹಾಕಿಸುವುದು ಒಳ್ಳೆಯದೆಂದೇ ಹೇಳುತ್ತಿದ್ದೆ. ನನ್ನ ಮೊಮ್ಮಗನಿಗೂ ಹಾಕಿಸಿದೆ. ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎನ್ನುವಷ್ಟು ಬಿಗಿಗೆ ಅದರಲ್ಲಿ ಕಾರಣ ಕಾಣಲಿಲ್ಲ. ನಾಳೆ ಬರುವ ರೋಗ ಮಕ್ಕಳನ್ನೇ ಆರಿಸಿಕೊಂಡು ಕೊಲ್ಲುವಂಥದ್ದಾಗಿ, ಅದರ ಹರಡುವಿಕೆಯನ್ನು ನಿಲ್ಲಿಸುವ ಲಸಿಕೆಯೂ ಕೈಗೆ ಬಂದರೆ ನನ್ನ ಉತ್ತರ ಬದಲಾಗುತ್ತದೆ. ಆಗಲೂ ಅದು ಶಾಲೆಯ ವಾಟ್ಸ್‌ಆ್ಯಪ್ ಸಂದೇಶದಿಂದಲ್ಲ, ಶಾಸನಸಭೆ ಚರ್ಚಿಸಿ ಮಾಡಿದ, ಅವಧಿ ಗೊತ್ತುಪಡಿಸಿದ ಕಾನೂನಿನಿಂದ ಆಗಬೇಕು. ಅಡ್ಡಪರಿಣಾಮಕ್ಕೆ ಸಿಕ್ಕ ಮಗುವಿನ ಚಿಕಿತ್ಸೆ ಮತ್ತು ಪರಿಹಾರದ ಹೊಣೆಯನ್ನು ಅದೇ ಕಾನೂನು ಹೊರಬೇಕು.

ಇನ್ನು ಮಗಳ ವಿಷಯ. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿ. ಕಾರ್ಡಿನ ಆ ಖಾಲಿ ಮನೆಗಳಲ್ಲಿ ದಡಾರ-ರುಬೆಲ್ಲಾದ ಎರಡನೆಯ ಡೋಸ್, ಗಂಟಲುಮಾರಿ-ನಾಯಿಕೆಮ್ಮು-ಧನುರ್ವಾಯುಗಳ (ಡಿಪಿಟಿ) ಬೂಸ್ಟರ್, ಪೋಲಿಯೊ ಬೂಸ್ಟರ್ ಇರಬೇಕಿತ್ತು. ದಡಾರ ನಾವು ಬಲ್ಲ ರೋಗಗಳಲ್ಲೇ ಅತಿ ವೇಗವಾಗಿ ಹರಡುವಂಥದ್ದು: ಲಸಿಕೆಯಿಲ್ಲದ ಊರಿನಲ್ಲಿ ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಜನರಿಗೆ ಅಂಟುತ್ತದೆ. ಅದನ್ನು ತಡೆದು ನಿಲ್ಲಿಸಬೇಕಾದರೆ ನೂರರಲ್ಲಿ ತೊಂಬತ್ತೈದು ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿನಂತೆ, ಡಿಪಿಟಿಯ ಮೊದಲ ಡೋಸನ್ನೂ ಪಡೆಯದ ಮಕ್ಕಳು ಭಾರತದಲ್ಲಿ 2019ರಲ್ಲಿ ಸುಮಾರು 14 ಲಕ್ಷವಿದ್ದವರು 2020ರಲ್ಲಿ 30 ಲಕ್ಷ ದಾಟಿದರು. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿ ಮತ್ತು ಸುತ್ತಲಿನ ಬಡಾವಣೆಗಳಲ್ಲಿ ದಡಾರ ಎದ್ದು ಸತ್ತ ಮಕ್ಕಳ ಸಂಖ್ಯೆ ಹತ್ತನ್ನು ದಾಟಿದಾಗ, ತಪ್ಪಿದ ಆ ಡೋಸುಗಳು ಎಲ್ಲರಿಗೂ ನೆನಪಾದವು.

ಈ ತಪ್ಪು ತಂದೆತಾಯಿಯರದೇ? ಮಕ್ಕಳ ಲಸಿಕೆಯ ದಿನವಾದ ಒಂದು ಗುರುವಾರದ ಚಿತ್ರ ಹೇಳುತ್ತೇನೆ. 2020ರ ಮಳೆಗಾಲ, ತಾಲ್ಲೂಕು ಕೇಂದ್ರದಿಂದ ದೂರದ ಒಂದು ಅಂಗನವಾಡಿ. ಐಸ್ ಪ್ಯಾಕ್ ತುಂಬಿದ ನೀಲಿ ಡಬ್ಬಿಯನ್ನು ಮುಂದಿಟ್ಟುಕೊಂಡು ಸಿಸ್ಟರ್ ಕೂತಿದ್ದರು. ಆಶಾ ಕಾರ್ಯಕರ್ತೆ ಕ್ವಾರಂಟೈನ್ ಮನೆಗಳ ಸರ್ವೆಗೆ ಹೋಗಿದ್ದರಿಂದ ಮನೆಮನೆಗೆ ಹೇಳಿ ಕರೆತರುವವರು ಯಾರೂ ಇರಲಿಲ್ಲ. ಬಸ್ಸಿಲ್ಲದ ಕಾರಣ ನಾಲ್ಕು ಮೈಲಿ ನಡೆದು ಬಂದ ಒಬ್ಬ ಹೆಂಗಸು, ಸೆರಗಿನಲ್ಲಿ ಮಗು, ಪ್ಲಾಸ್ಟಿಕ್ ಕವರಿನಲ್ಲಿ ಕಾರ್ಡ್. ದಡಾರದ ಲಸಿಕೆ ಪುಡಿಯ ರೂಪದಲ್ಲಿರುತ್ತದೆ. ದ್ರಾವಕ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಹಲವು ಮಕ್ಕಳಿಗಾಗುವ ಸೀಸೆಯನ್ನು ಒಂದು ಮಗುವಿಗಾಗಿ ಒಡೆಯಲು ಆ ಸಿಸ್ಟರ್‌ಗೆ ಕೈ ಬರಲಿಲ್ಲ. "ಮುಂದಿನ ಗುರುವಾರ ಬಾಮ್ಮ, ಇನ್ನೂ ನಾಲ್ಕು ಮಕ್ಕಳು ಸೇರಲಿ" ಎಂದರು. ಒಂದೇ ಮಗು ಬಂದರೂ ಸೀಸೆ ಒಡೆಯಬೇಕೆಂಬುದು ನಿಯಮ. ಆದರೆ ಲಸಿಕೆ ಪೋಲಾದದ್ದಕ್ಕೆ ಮೇಲಿನವರ ಮೀಟಿಂಗಿನಲ್ಲಿ ಉತ್ತರ ಕೊಡಬೇಕಾದವರು ಅವರೇ. ಅಂದು ನಾನು ಅಲ್ಲಿದ್ದುದರಿಂದ ಸೀಸೆ ಒಡೆಸಿದೆ. ನಾನಿಲ್ಲದ ಗುರುವಾರಗಳ ಲೆಕ್ಕ ನನ್ನ ಬಳಿ ಇಲ್ಲ.

ಆದ್ದರಿಂದ ಕಡ್ಡಾಯ ಮಾಡಬೇಕೇ ಎಂಬ ನಿಮ್ಮ ಪ್ರಶ್ನೆಗೆ ನಾನು, ಹೌದು, ಮೊದಲು ಸರ್ಕಾರಕ್ಕೆ ಕಡ್ಡಾಯ ಮಾಡಿ ಎನ್ನುತ್ತೇನೆ. ಎಂಥ ಲಾಕ್‌ಡೌನ್ ಇದ್ದರೂ ಗುರುವಾರದ ಲಸಿಕೆ ನಿಲ್ಲಕೂಡದು, ಆ ಕೆಲಸದ ಸಿಸ್ಟರ್ ಮತ್ತು ಆಶಾ ಕಾರ್ಯಕರ್ತೆಯರನ್ನು ವಾರದಲ್ಲಿ ಆ ಒಂದು ದಿನ ಬೇರೆ ಕೆಲಸಕ್ಕೆ ಎಳೆಯಕೂಡದು ಎಂದು ಆದೇಶವಾಗಲಿ. 2021ರ ಜನವರಿ 17ಕ್ಕೆ ಗೊತ್ತಾಗಿದ್ದ ಪಲ್ಸ್ ಪೋಲಿಯೊ ದಿನವನ್ನೇ, ಹಿಂದಿನ ದಿನ ಕೊರೊನಾ ಲಸಿಕೆ ಉದ್ಘಾಟನೆಯಾಗುವುದೆಂದು 31ಕ್ಕೆ ತಳ್ಳಿದ ದೇಶ ನಮ್ಮದು. ಎರಡು ವಾರ ದೊಡ್ಡ ಮಾತಲ್ಲ. ಹಿಂದೆ ಸರಿದದ್ದು ಯಾವುದು ಎಂಬುದನ್ನು ಮಾತ್ರ ಗಮನಿಸಿ. ನಿಮ್ಮ ಮಗಳಿಗೆ ಈಗ ಏನು ಮಾಡಬೇಕೆಂಬುದನ್ನು ಕೊನೆಯ ಪತ್ರದ ಉತ್ತರದಲ್ಲಿ ಹೇಳಿದ್ದೇನೆ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮ ಊರಿನ ಎಂಟು-ಹತ್ತು ಮನೆಯವರು ಕೊರೊನಾ ಬಂದ ಮೇಲೆ ಯಾವ ಸೂಜಿಯೂ ಬೇಡ ಎನ್ನುತ್ತಾರೆ, ಕೂಸುಗಳ ಲಸಿಕೆಗೂ ಬಾಗಿಲು ತೆರೆಯುವುದಿಲ್ಲ. ರೇಷನ್ ನಿಲ್ಲಿಸುತ್ತೇವೆ ಎಂದು ಹೆದರಿಸಿದರೆ ದಾರಿಗೆ ಬರುತ್ತಾರೆ ಎಂದು ಕೆಲವರು ಸಲಹೆ ಕೊಡುತ್ತಿದ್ದಾರೆ. ತಾವೇನು ಹೇಳುತ್ತೀರಿ?
(ಹೆಸರು ಬೇಡ, ರಾಯಚೂರು ಜಿಲ್ಲೆ)

ಉತ್ತರ: ದಯವಿಟ್ಟು ಆ ಸಲಹೆಯನ್ನು ಕೇಳಬೇಡಿ. 2021ರಲ್ಲಿ ನಮ್ಮ ರಾಜ್ಯದಲ್ಲೂ ಇಂಥ ಮಾತು ಕೇಳಿಬಂದಿತ್ತು: ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಎಂದು. ಅದೇ ವರ್ಷದ ಜೂನ್‌ನಲ್ಲಿ ಮೇಘಾಲಯ ಹೈಕೋರ್ಟ್, ಜನರ ದುಡಿಮೆಗೂ ಲಸಿಕೆಗೂ ಗಂಟು ಹಾಕುವ ಆದೇಶ ಕಾನೂನಿನ ಎದುರು ನಿಲ್ಲುವುದಿಲ್ಲ ಎಂದು ಹೇಳಿತ್ತು. ಕಾನೂನು ಒಂದು ಕಡೆಗಿರಲಿ. ಇಂದು ಅಕ್ಕಿಗಾಗಿ ಕೈಯೊಡ್ಡಿದ ತಾಯಿ ನಾಳೆ ಮಗುವಿಗೆ ಜ್ವರ ಬಂದರೆ ನಿಮ್ಮ ಬಳಿ ಬರುತ್ತಾಳೆಯೇ? ರೇಷನ್ ನಿಂತರೆ ಮೊದಲು ಸೊರಗುವುದೂ ಆ ಕೂಸೇ.

ನಮ್ಮ ನಾಡಿಗೆ ಲಸಿಕೆ ಬಂದ ಕಥೆಯೂ ಒಲಿಸಿದ ಕಥೆಯೇ. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ 1805ರಲ್ಲಿ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಅದರಲ್ಲಿ ಬಲಗಡೆಯ ಎಳೆಯ ರಾಣಿ ಸೀರೆಯ ಅಂಚನ್ನು ಸರಿಸಿ ತೋಳನ್ನು ತೋರುತ್ತಿದ್ದಾಳೆ. ಸಿಡುಬಿನ ಹೊಸ ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸಲೆಂದೇ ಹಾಗೆ ಬರೆಸಲಾಯಿತು ಎಂದು ಇತಿಹಾಸಕಾರರೊಬ್ಬರು ವಾದಿಸಿದ್ದಾರೆ. ಅರಮನೆಯವರೇ ದಾಕು ಹಾಕಿಸಿಕೊಂಡರು ಎಂಬ ಸುದ್ದಿಗಿದ್ದ ಶಕ್ತಿ ಯಾವ ಡಂಗುರಕ್ಕೂ ಇರಲಾರದು. 1880ರಲ್ಲಿ ಬ್ರಿಟಿಷರು ಗೊತ್ತಾದ ಪಟ್ಟಣಗಳ ಮಕ್ಕಳಿಗೆ ಸಿಡುಬಿನ ಲಸಿಕೆಯನ್ನು ಕಡ್ಡಾಯ ಮಾಡುವ ಕಾಯ್ದೆ ತಂದರು. ಅವರ ಸ್ವಂತ ಇಂಗ್ಲೆಂಡಿನಲ್ಲೇ 1853ರಿಂದ ಇದ್ದ ಕಡ್ಡಾಯ ದೊಡ್ಡ ಚಳವಳಿಯನ್ನು ಎಬ್ಬಿಸಿ, 1898ರಲ್ಲಿ, ಆತ್ಮಸಾಕ್ಷಿ ಒಪ್ಪದ ತಂದೆತಾಯಿಗೆ ವಿನಾಯಿತಿ ಕೊಡಬೇಕಾಯಿತು.

2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ನಾನು ಕಂಡದ್ದನ್ನು ಹೇಳುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಏನೇನೋ ಓಡಾಡಿ, ಒಂದು ಶಾಲೆಯ ಗೇಟಿನ ಬಳಿ ತಾಯಂದಿರು ಮಕ್ಕಳನ್ನು ಹೊರಗೆ ಕರೆಸಿಕೊಳ್ಳುತ್ತಿದ್ದರು. ನಾವು ವೈದ್ಯರು ಮೈಕ್ ಹಿಡಿದು ಅರ್ಧ ಗಂಟೆ ಮಾತನಾಡಿದ್ದು ವ್ಯರ್ಥ. ಅಲ್ಲಿನ ಮುಖ್ಯೋಪಾಧ್ಯಾಯಿನಿ ಒಂದು ಮಾತನ್ನೂ ಆಡದೆ, ಮನೆಯಿಂದ ತಮ್ಮ ಮೊಮ್ಮಗಳನ್ನು ಕರೆಸಿ, ಗೇಟಿಗೆ ಕಾಣುವಂತೆ ಮೊದಲ ಕುರ್ಚಿಯಲ್ಲಿ ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ಸಾಲು ಬೆಳೆದಿತ್ತು.

ನಿಮ್ಮ ಆ ಎಂಟು-ಹತ್ತು ಮನೆಗಳಿಗೆ ಹೋದಾಗ ಲಸಿಕೆಯಿಂದ ಏನೂ ಆಗುವುದಿಲ್ಲ ಎಂದು ಮಾತ್ರ ಹೇಳಬೇಡಿ. ರಾತ್ರಿ ಜ್ವರ ಬರಬಹುದು, ತೊಡೆ ಊದಿಕೊಳ್ಳಬಹುದು, ಕೂಸು ಅತ್ತು ಹಟ ಮಾಡಬಹುದು ಎಂದು ಮೊದಲೇ ತಿಳಿಸಿ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳಿ. ಮರುದಿನ ಬೆಳಿಗ್ಗೆ ಹೋಗಿ ವಿಚಾರಿಸಿ. ಬಾಗಿಲು ತೆರೆಯದ ಮನೆಯ ಹಿಂದೆ ಹೆಚ್ಚಿನ ಸಲ ಇರುವುದು ಸಿದ್ಧಾಂತವಲ್ಲ, ಹೇಳದೆ ಬಂದ ಒಂದು ರಾತ್ರಿಯ ಜ್ವರ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಕನ್ನಡಿಗ ನಾನು. ಇಲ್ಲಿ ಲಸಿಕೆಯ ದಾಖಲೆ ಇಲ್ಲದೆ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವುದೇ ಇಲ್ಲ. ಕರ್ನಾಟಕದಲ್ಲಿ ಏಕೆ ಹೀಗೆ ಮಾಡಬಾರದು?
(ಒಬ್ಬ ಓದುಗ)

ಉತ್ತರ: ನಿಮ್ಮ ರಾಜ್ಯದ ನಿಯಮ ಅಷ್ಟು ಬಿಗಿಯಾದದ್ದು, 2014ರ ಕೊನೆಯಲ್ಲಿ ಡಿಸ್ನಿಲ್ಯಾಂಡಿನಿಂದ ದಡಾರ ಹರಡಿದ ಬಳಿಕ, 2015ರ ಕಾನೂನಿನಿಂದ. ಅದೇ ಕ್ಯಾಲಿಫೋರ್ನಿಯಾ 2021ರ ಅಕ್ಟೋಬರ್‌ನಲ್ಲಿ, ಕೊರೊನಾ ಲಸಿಕೆಯನ್ನೂ ಶಾಲಾ ಮಕ್ಕಳಿಗೆ ಕಡ್ಡಾಯ ಮಾಡುತ್ತೇವೆಂದು ಅಮೆರಿಕದ ಎಲ್ಲ ರಾಜ್ಯಗಳಿಗಿಂತ ಮೊದಲು ಘೋಷಿಸಿತು. ಜಾರಿ ಮಾಡದೆ ಮುಂದೂಡುತ್ತ ಬಂದು 2023ರ ಆರಂಭದಲ್ಲಿ ಕೈಬಿಟ್ಟಿತು. ಹಳೆಯ ಲಸಿಕೆಗೆ ಬಿಗಿ, ಹೊಸತಕ್ಕೆ ಸಡಿಲ ಎಂಬಲ್ಲಿಗೆ ನಿಮ್ಮವರೂ ಕೊನೆಗೆ ಬಂದು ಮುಟ್ಟಿದರು.

ಆದರೂ ಶಾಲೆಯ ಬಾಗಿಲನ್ನು ಇಲ್ಲಿ ಮುಚ್ಚಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮಲ್ಲಿ ಶಾಲೆಯಿಂದ ಹೊರಗುಳಿದ ಮಗುವಿಗೆ ಪಾಠದ ಜೊತೆ ಮಧ್ಯಾಹ್ನದ ಬಿಸಿಯೂಟವೂ ತಪ್ಪುತ್ತದೆ. ಹುಡುಗನಾದರೆ ಗ್ಯಾರೇಜು, ಹುಡುಗಿಯಾದರೆ ಬೇಗನೆ ಮದುವೆ. ಲಸಿಕೆ ಹಾಕಿಸದ ತಂದೆತಾಯಿಯ ತಪ್ಪಿಗೆ ಶಿಕ್ಷೆ ಬೀಳುವುದು ಮಗುವಿಗೆ. ಮೇಲಾಗಿ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಮತ್ತು ಐದನೆಯ ಸುತ್ತುಗಳ ನಡುವೆ ಕರ್ನಾಟಕದಲ್ಲಿ ಪೂರ್ಣ ಲಸಿಕೆ ಪಡೆದ ಎಳೆಮಕ್ಕಳ ಪ್ರಮಾಣ ಸುಮಾರು ಶೇ. 63ರಿಂದ ಶೇ. 84ಕ್ಕೆ ಏರಿತು. ಅದನ್ನು ಏರಿಸಿದ್ದು ಯಾವ ದಂಡವೂ ಅಲ್ಲ, ಮನೆಬಾಗಿಲಿಗೆ ಹೋದ ಹೆಂಗಸರು. 2011ರ ಜನವರಿಯಲ್ಲಿ ಹೌರಾದ ಒಂದು ಮಗುವಿನೊಂದಿಗೆ ಈ ದೇಶದ ಪೋಲಿಯೊ ಕೊನೆಗೊಂಡದ್ದೂ ಹೀಗೆಯೇ.

ಶಾಲೆಗೆ ಸೇರುವಾಗ ಕಾರ್ಡನ್ನು ಕೇಳುವುದು ಮಾತ್ರ ಕಡ್ಡಾಯವಾಗಲಿ. ಖಾಲಿ ಮನೆಗಳಿರುವ ಮಕ್ಕಳ ಪಟ್ಟಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಿ, ಸಿಸ್ಟರ್ ಶಾಲೆಗೇ ಬರಲಿ. ಶಾಲೆಯಲ್ಲಿ ದಡಾರ ಕಾಣಿಸಿಕೊಂಡರೆ, ಲಸಿಕೆಯಿಲ್ಲದ ಮಗುವನ್ನು ಕೊನೆಯ ರೋಗಿಯ ನಂತರ 21 ದಿನ ಮನೆಯಲ್ಲಿರಿಸುವ ನಿಮ್ಮ ಕಡೆಯ ಪದ್ಧತಿಯನ್ನು ನಾನು ಒಪ್ಪುತ್ತೇನೆ. ಆ ಬಿಗಿ ಇತರ ಮಕ್ಕಳನ್ನಷ್ಟೇ ಅಲ್ಲ, ಹೊರಗಿಟ್ಟ ಮಗುವನ್ನೂ ಕಾಯುತ್ತದೆ. ಧನುರ್ವಾಯುವಿಗೆ ಮಾತ್ರ ಈ ವಾದ ನಿಲ್ಲದು. ಅದು ಮಣ್ಣಿನಿಂದ ಬರುತ್ತದೆಯೇ ಹೊರತು ಪಕ್ಕದ ಬೆಂಚಿನವನಿಂದಲ್ಲ. ಕಡ್ಡಾಯದ ಪರವಾಗಿ ವಾದಿಸುವವರು ಎಲ್ಲ ಲಸಿಕೆಗಳನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ.

ಪ್ರಶ್ನೆ: ಲಾಕ್‌ಡೌನಿನಲ್ಲಿ ಮೊಮ್ಮಗುವಿನ ಕೆಲವು ಲಸಿಕೆಗಳು ತಪ್ಪಿವೆ. ಮತ್ತೆ ಮೊದಲಿನಿಂದ ಹಾಕಿಸಬೇಕೇ? ಕಾರ್ಡ್ ಕೂಡ ಕಳೆದುಹೋಗಿದೆ.
(ಒಬ್ಬ ಅಜ್ಜ, ಚಿಕ್ಕಮಗಳೂರು)

ಉತ್ತರ: ಮೊದಲಿನಿಂದ ಬೇಡ. ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದುವರಿಸಿದರೆ ಸಾಕು; ಎಷ್ಟೇ ತಡವಾಗಿದ್ದರೂ ಹಿಂದೆ ಹಾಕಿದ ಡೋಸ್ ವ್ಯರ್ಥವಾಗುವುದಿಲ್ಲ. ದಡಾರ-ರುಬೆಲ್ಲಾ ಲಸಿಕೆಯನ್ನು ಸರ್ಕಾರಿ ಕಾರ್ಯಕ್ರಮದಲ್ಲಿ ಐದು ವರ್ಷದವರೆಗೆ ಕೊಡುತ್ತಾರೆ. ಆ ವಯಸ್ಸು ದಾಟಿದ್ದರೆ, ದಾವಣಗೆರೆಯ ತಾಯಿಯ ಮಗಳಿಗೂ ಇದು ಅನ್ವಯಿಸುತ್ತದೆ, ಮಕ್ಕಳ ವೈದ್ಯರ ಬಳಿ ಮಂಗನಬಾವಿನ ಲಸಿಕೆಯೂ ಸೇರಿರುವ ಎಂಎಂಆರ್ ಹಾಕಿಸಿ. ಡಿಪಿಟಿ ಬೂಸ್ಟರ್ ಏಳು ವರ್ಷ ತುಂಬುವುದರೊಳಗೆ ಆಗಬೇಕು. ಅದಕ್ಕೂ ತಡವಾದರೆ ಧನುರ್ವಾಯು-ಗಂಟಲುಮಾರಿಗಳ ಲಸಿಕೆಯಾದ ಟಿಡಿ ಇದೆ. ಕಾರ್ಡ್ ಕಳೆದಿದ್ದರೆ ಮಗು ಹುಟ್ಟಿದಾಗ ನೀವಿದ್ದ ಊರಿನ ಉಪಕೇಂದ್ರಕ್ಕೆ ಹೋಗಿ, ಅಲ್ಲಿನ ಸಿಸ್ಟರ್ ಹತ್ತಿರ ಹಳೆಯ ರಿಜಿಸ್ಟರ್ ತೆಗೆಸಿ ನೋಡಿ. ಅದರಲ್ಲೂ ಸಿಗದಿದ್ದರೆ ಆ ಲಸಿಕೆ ಆಗಿಲ್ಲವೆಂದೇ ತಿಳಿದು ಹಾಕಿಸಿ. ಒಂದು ಡೋಸ್ ಹೆಚ್ಚಾದರೆ ಹೆದರಬೇಕಾದ್ದೇನೂ ಇಲ್ಲ. ಗುರುವಾರ ಬೆಳಿಗ್ಗೆ ಬೇಗ ಹೋಗಿ, ಸಾಧ್ಯವಾದರೆ ಪಕ್ಕದ ಮನೆಯ ಮಗುವನ್ನೂ ಕರೆದುಕೊಂಡು ಹೋಗಿ. ಸೀಸೆ ಒಡೆಯಲು ಸಿಸ್ಟರ್‌ಗೆ ಧೈರ್ಯ ಬರುತ್ತದೆ.